ಚಿಕ್ಕಪ್ಪನ ಡಿಸ್ಚಾರ್ಜ್ ಕಾಗದದ ಬಗ್ಗೆ

ಎಲ್ಲರಿಗೂ ನಮಸ್ಕಾರ. ತಂಗಿ, ಮೈಸೂರಿನ ಆಸ್ಪತ್ರೆಯವರು ಚಿಕ್ಕಪ್ಪನನ್ನು ಮನೆಗೆ ಕಳುಹಿಸುವಾಗ ಕೊಟ್ಟ ಡಿಸ್ಚಾರ್ಜ್ ಸಮ್ಮರಿಯ ಚಿತ್ರವನ್ನು ಗುಂಪಿಗೆ ಹಾಕಿ, ಅಪ್ಪನಿಗೆ ಇಷ್ಟೆಲ್ಲ ಕಾಯಿಲೆಗಳಿವೆಯೇ ಎಂದು ಕೇಳಿದ್ದೀಯೆ. ಅದಕ್ಕೆ ಬಂದ ಉತ್ತರಗಳನ್ನೂ ಓದಿದೆ. ವಾರ್ಡಿನಲ್ಲಿ ನರ್ಸಾಗಿ ಇಂಥ ಕಾಗದಗಳ ನಡುವೆಯೇ ಕೆಲಸ ಮಾಡಿದವಳಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ.

ಮೊದಲಿಗೆ, ಅಲ್ಲಿರುವುದೆಲ್ಲ ಕಾಯಿಲೆಯಲ್ಲ. ಟಿ2ಡಿಎಂ, ಎಚ್‌ಟಿಎನ್, ಐಎಚ್‌ಡಿ ಎಂದು ಬರೆದಿರುವುದು ಸಕ್ಕರೆ ಕಾಯಿಲೆ, ರಕ್ತದೊತ್ತಡ ಮತ್ತು ಹೃದಯದ ರಕ್ತನಾಳದ ತೊಂದರೆ. ಈ ಮೂರೂ ನಮಗೆ ಮೊದಲೇ ಗೊತ್ತಿದ್ದವು. ಪಿಟಿಸಿಎ ಟು ಎಲ್‌ಎಡಿ ಎಂಬುದು ಮಾಡಿದ ಚಿಕಿತ್ಸೆ, ಅಂದರೆ ಹೃದಯದ ಮುಂಭಾಗದ ಮುಖ್ಯ ರಕ್ತನಾಳವನ್ನು ಬಲೂನಿನಿಂದ ಬಿಡಿಸಿ ಸ್ಟೆಂಟ್ ಇಟ್ಟಿದ್ದಾರೆ. ದೊಡ್ಡಪ್ಪನವರು ನರಗಳ ಕಾಯಿಲೆ ಇರಬಹುದೆಂದು ಊಹಿಸಿದ ಎನ್‌ಎಡಿಗೆ, ಪರೀಕ್ಷಿಸಿದಾಗ ದೋಷವೇನೂ ಕಾಣಲಿಲ್ಲ ಎಂದಷ್ಟೇ ಅರ್ಥ. ಇಡೀ ಕಾಗದದಲ್ಲಿ ಸಮಾಧಾನ ಕೊಡಬೇಕಾದ ಸಾಲೇ ನಮ್ಮನ್ನು ಹೆಚ್ಚು ಹೆದರಿಸಿತು. ಹಾಗೆಯೇ ನೋವಿನ ಮಾತ್ರೆಯ ಮುಂದಿರುವ ಎಸ್‌ಒಎಸ್ ಎಂದರೆ, ಮಾವ ಹೇಳಿದಂತೆ ತುರ್ತಾಗಿ ಆಸ್ಪತ್ರೆಗೆ ಬನ್ನಿ ಎಂದಲ್ಲ. ನೋವಿದ್ದರೆ ಮಾತ್ರ ನುಂಗಿ ಎಂದು.

ಇಷ್ಟಾದರೆ ನಕ್ಕು ಬಿಡಬಹುದಿತ್ತು. ನನಗೆ ನಿಜವಾಗಿ ಆತಂಕವಾದದ್ದು 'ಡಿಎಪಿಟಿ ಮುಂದುವರಿಸಿ' ಎಂಬ ಸಾಲು. ತಮ್ಮ ಕುಶಾಲನಗರದ ಔಷಧಿ ಅಂಗಡಿಯಲ್ಲಿ 'ಡಾಪ್ಟ್' ಎಂಬ ಮಾತ್ರೆ ಕೇಳಿದನಂತೆ, ಅಂಥದ್ದು ಬರುವುದಿಲ್ಲ ಎಂದರಂತೆ, ಸಿಗದಿದ್ದರೆ ಸದ್ಯಕ್ಕೆ ಬಿಡಿ ಎಂದು ಇಲ್ಲಿ ಯಾರೋ ಸಲಹೆಯನ್ನೂ ಕೊಟ್ಟಿದ್ದೀರಿ. ದಯವಿಟ್ಟು ಬಿಡಬೇಡಿ. ಆ ಹೆಸರಿನ ಮಾತ್ರೆಯೇ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಔಷಧಿಗಳನ್ನು ಜೊತೆಯಾಗಿ ಕೊಡುವ ಚಿಕಿತ್ಸೆಯನ್ನು ಹಾಗೆ ಕರೆಯುತ್ತಾರೆ. ಒಂದು ಆಸ್ಪಿರಿನ್, ಇನ್ನೊಂದು ಸಾಮಾನ್ಯವಾಗಿ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲೊರ್. ಹೊಸದಾಗಿ ಸ್ಟೆಂಟ್ ಇಟ್ಟವರು ವೈದ್ಯರನ್ನು ಕೇಳದೆ ಇವನ್ನು ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುವ ಅಪಾಯವಿದೆ. ಇಂಥ ಔಷಧಿಯ ಹೆಸರನ್ನು ಬಿಡಿಸಿ ಬರೆಯಲು ಎಷ್ಟು ಹೊತ್ತು ಬೇಕಾಗುತ್ತಿತ್ತು?

ಅಕ್ಷರಗಳ ಉಳಿತಾಯದಲ್ಲಿ ಇನ್ನೊಂದು ಅಪಾಯ ಇನ್ಸುಲಿನ್ನಿನದು. ಕೈಬರಹದ ಸಾಲಿನಲ್ಲಿ ಎಂಟರ ಪಕ್ಕ ಯೂನಿಟ್ ಎಂಬುದಕ್ಕೆ ಇಂಗ್ಲಿಷಿನ ಯು ಅಕ್ಷರವೊಂದನ್ನೇ ಹಾಕಿದ್ದಾರೆ. ಅವಸರದಲ್ಲಿ ಬರೆದ ಆ ಅಕ್ಷರದ ಬಾಯಿ ಮುಚ್ಚಿಕೊಂಡರೆ ಸೊನ್ನೆಯಾಗಿ, 8 ಇದ್ದದ್ದು 80 ಎಂದು ಕಾಣುತ್ತದೆ. ಇದು ನನ್ನ ಕಲ್ಪನೆಯಲ್ಲ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಜಾರಿಗೆ ತಂದ, ಬಳಸಲೇಬಾರದ ಸಂಕ್ಷಿಪ್ತ ರೂಪಗಳ ಪಟ್ಟಿಯಲ್ಲಿ ಈ ಯು ಕೂಡ ಇದೆ. ಚಿಕ್ಕಮ್ಮನವರು ದಯವಿಟ್ಟು ಇದನ್ನೂ ಗಮನಿಸಬೇಕು: ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನಲ್ಲಿ 100 ಯೂನಿಟ್ ಇರುತ್ತದೆ. 40ರ ಬಾಟಲಿಗೆ 100ರ ಸಿರಿಂಜ್ ಬಳಸಿ ಎಂಟರ ಗೆರೆಯವರೆಗೆ ಎಳೆದರೆ ದೇಹಕ್ಕೆ ಸೇರುವುದು ಮೂರು ಯೂನಿಟ್ ಚಿಲ್ಲರೆ ಮಾತ್ರ.

ಓದಲು ಬಾರದ ನಮ್ಮದೇ ತಪ್ಪು, ವೈದ್ಯರಿಗೆಲ್ಲ ಇದು ಅರ್ಥವಾಗುತ್ತದೆ ಎಂದು ಒಬ್ಬರು ಬರೆದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. ಎಂಎಸ್ ಎಂದರೆ ಹೃದಯ ವಿಭಾಗದಲ್ಲಿ ಮೈಟ್ರಲ್ ಕವಾಟ ಕಿರಿದಾಗಿರುವುದು, ನರರೋಗ ವಿಭಾಗದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್, ಔಷಧಿಯ ಚೀಟಿಯಲ್ಲಿ ಮಾರ್ಫಿನ್ ಸಲ್ಫೇಟ್. ವೈದ್ಯರ ಹೆಸರಿನ ಮುಂದೆ ಬಂದರೆ ಅದೊಂದು ಪದವಿ. ಆಡ್ರಿಯನ್ ಬಾರ್ನೆಟ್ ಮತ್ತು ಜೋಯಿ ಡಬಲ್‌ಡೇ ಎಂಬ ಆಸ್ಟ್ರೇಲಿಯಾದ ಸಂಶೋಧಕರು 1950ರಿಂದ 2019ರವರೆಗಿನ ವಿಜ್ಞಾನ ಲೇಖನಗಳ 2.4 ಕೋಟಿ ಶೀರ್ಷಿಕೆಗಳನ್ನೂ 1.8 ಕೋಟಿ ಸಾರಾಂಶಗಳನ್ನೂ ಶೋಧಿಸಿ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವುಗಳಲ್ಲಿ ಸಿಕ್ಕಿದ ಸಂಕ್ಷಿಪ್ತ ರೂಪಗಳು ಸುಮಾರು 11 ಲಕ್ಷ. ಅವುಗಳ ಪೈಕಿ ಶೇಕಡ 79ರಷ್ಟು ಹತ್ತು ಸಲವೂ ಬಳಕೆಯಾಗಿಲ್ಲ. ಪದೇ ಪದೇ ಬಳಕೆಯಾಗುವವು ಎರಡು ಸಾವಿರದಷ್ಟು. ಹುಟ್ಟಿಸಿದವರಿಗಷ್ಟೇ ಗೊತ್ತಿರುವ ಇಂಥವನ್ನು ಸೋಮವಾರಪೇಟೆಯ ವೈದ್ಯರು ಕಂಡಕೂಡಲೇ ಬಿಡಿಸಬೇಕೆಂದರೆ ಹೇಗೆ? ಕಿಮ್ಸ್ ಎಂದೊಡನೆ ನಾವೇ ಹುಬ್ಬಳ್ಳಿಯದೋ, ಬೆಂಗಳೂರಿನ ಕೆಂಪೇಗೌಡ ಸಂಸ್ಥೆಯೋ, ಮಡಿಕೇರಿಯದೋ ಎಂದು ಕೇಳುವುದಿಲ್ಲವೇ.

ಹಾಗೆಂದು ಸಂಕ್ಷಿಪ್ತ ರೂಪವೇ ಬೇಡವೆನ್ನಲಾರೆ. ರಾತ್ರಿ ಪಾಳಿಯಲ್ಲಿ ಅದಿಲ್ಲದೆ ನಮಗೆ ಕೈ ಓಡುತ್ತಿರಲಿಲ್ಲ, ಆರ್‌ಟಿಸಿಗೂ ಇಸಿಜಿಗೂ ಯಾರೂ ಅರ್ಥ ಕೇಳುವುದಿಲ್ಲ. ಒಂದೇ ವಾರ್ಡಿನವರು ತಮ್ಮತಮ್ಮೊಳಗೆ ಬರೆದುಕೊಳ್ಳಲಿ. ಆದರೆ ಕೊಡಗಿನವರ ಕಾಗದ ವಾರ್ಡಿನಲ್ಲೇ ಉಳಿಯುವುದಿಲ್ಲ. ಮೈಸೂರು ಅಥವಾ ಮಂಗಳೂರಿನಲ್ಲಿ ಬರೆದದ್ದನ್ನು ಊರಿನ ವೈದ್ಯರು, ಅಂಗಡಿಯವರು, ಕೊನೆಗೆ ಮನೆಯವರು ಓದಬೇಕಾಗುತ್ತದೆ. ಔಷಧಿಯ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮ ತಿದ್ದಿತ್ತು. ಆದ್ದರಿಂದ ಬಿಡಿಸಿ ಬರೆದುಕೊಡಿ ಎಂದು ಕೇಳಲು ಸಂಕೋಚ ಬೇಡ.

ತಂಗಿ, ಈಗಲೇ ಕಾಗದದ ಮೇಲಿರುವ ವಾರ್ಡಿನ ಸಂಖ್ಯೆಗೆ ಕರೆ ಮಾಡಿ ಡಿಎಪಿಟಿಯ ಎರಡೂ ಮಾತ್ರೆಗಳ ಹೆಸರು, ಪ್ರಮಾಣ, ಎಷ್ಟು ತಿಂಗಳು ಎಂಬುದನ್ನೂ ಇನ್ಸುಲಿನ್ ಪ್ರಮಾಣವನ್ನೂ ಕೇಳಿ ಬರೆದುಕೊ. ಆಸ್ಪತ್ರೆಯಿಂದ ತಂದ ಚೀಲದಲ್ಲಿ ಆ ಮಾತ್ರೆಗಳು ಈಗಾಗಲೇ ಇರಬಹುದು. ಎಲ್ಲ ಸ್ಟ್ರಿಪ್‌ಗಳ ಹಿಂಭಾಗದ ಚಿತ್ರ ತೆಗೆದು ನನಗೆ ಕಳುಹಿಸು. ಕಾಗದದ ಎರಡನೆಯ ಪುಟದ ಕೊನೆಯ ಸಾಲುಗಳು ಮಸುಕಾಗಿವೆ, ಅದನ್ನೂ ಇನ್ನೊಮ್ಮೆ ಹಾಕು.