ಅಪ್‌ಡೇಟ್: ಬೀದರಿನ ರೆಪ್ಲಿಕಾ ಕೊನೆಗೂ ಓಡ್ತಿದೆ

ಹೋದ ವಾರ ಕೇಳಿದ್ದೆನಲ್ಲ, ಕಲಬುರಗಿಯ ನಮ್ಮ ತೊಗರಿ ಬೇಳೆ ಅಂಗಡಿಯ ಮೈಎಸ್‌ಕ್ಯೂಎಲ್ 8.0 ಡೇಟಾಬೇಸಿನ ಡೇಟಾ ಬೀದರ್ ಬ್ರ್ಯಾಂಚಿನ ರೆಪ್ಲಿಕಾಗೆ, ಅಂದ್ರೆ ಅಲ್ಲಿಯ ನಕಲು ಸರ್ವರಿಗೆ, ತಾನಾಗಿ ಹೋಗ್ತಿಲ್ಲ, 13117 ಎರರ್ ಬರ್ತಿದೆ ಅಂತ. ಕಾರಣ ಸಿಕ್ಕಿತು! ಎರಡು ಸರ್ವರಿಗೂ ಸರ್ವರ್ ಐಡಿ (ನಾವು ಕೊಡುವ ಗುರುತಿನ ನಂಬರ್) 1, 2 ಅಂತ ಬೇರೆ ಬೇರೆ ಕೊಟ್ಟಿದ್ದೆ, ಅದನ್ನೇ ಹತ್ತು ಸಲ ನೋಡಿ ಸುಮ್ನೆ ಟೈಮ್ ಹಾಳು ಮಾಡಿಕೊಂಡೆ. ಬೀದರಿನ ಮಷೀನು ಇಲ್ಲಿಯದರ ಕ್ಲೋನ್ (ಪೂರ್ತಿ ನಕಲು) ಅಲ್ವಾ, ಡೇಟಾ ಫೋಲ್ಡರಿನ ಆಟೋ ಡಾಟ್ ಸಿಎನ್‌ಎಫ್ ಫೈಲೂ ಹಾಗೇ ಹೋಗಿ ಅದರಲ್ಲಿರುವ ಯುಯುಐಡಿ (ಸರ್ವರ್ ತಾನೇ ಮಾಡಿಕೊಳ್ಳುವ ಇನ್ನೊಂದು ಗುರುತು, ಇದೂ ಬೇರೆ ಬೇರೆ ಇರಬೇಕು) ಎರಡಕ್ಕೂ ಒಂದೇ ಆಗಿತ್ತು. ಬೀದರಿನ ಸರ್ವರ್ ನಿಲ್ಲಿಸಿ, ಆ ಫೈಲು ಅಳಿಸಿ, ಮತ್ತೆ ಚಾಲೂ ಮಾಡಿದೆ. ಹೊಸ ಯುಯುಐಡಿ ತಾನೇ ಮಾಡಿಕೊಂಡಿತು. ಈಗ ಇಲ್ಲಿಯ ಬದಲಾವಣೆ ತರುವ ಐಒ, ಅದನ್ನು ಅಲ್ಲಿ ಹಾಕುವ ಎಸ್‌ಕ್ಯೂಎಲ್ ಎರಡೂ ಥ್ರೆಡ್ 'ಯೆಸ್', ಅಂದ್ರೆ ಓಡ್ತಿವೆ. ಇಲ್ಲಿ ಒಂದು ಬಿಲ್ ಹಾಕಿ ಫೋನ್ ಮಾಡಿದೆ. "ಬಂತ್ರೀ ಅಣ್ಣಾ" ಅಂದ ಅಲ್ಲಿಯ ಹುಡುಗ. ನಿನ್ನೆ ಅಲ್ಲಿ ಎರಡು ತಾಸು ಕರೆಂಟ್ ಇರಲಿಲ್ಲ, ಬಂದ ಮೇಲೆ ಬಿಟ್ಟಲ್ಲಿಂದಲೇ ಹಿಡಿದುಕೊಂಡಿತು.