ಡ್ರಿಫ್ಟ್: ಮೊದಲ ಜಾರಾಟ ಹಿಡಿಯುತ್ತೇನೆ, ಆಮೇಲೆ ಗಾಡಿ ಗಿರಕಿ. ಸ್ಟೀರಿಂಗ್ ಯಾವಾಗ ವಾಪಸ್ ತರಬೇಕು?

ಓರೆಗಾಲಿ:

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಅಸೆಟ್ಟೊ ಕೋರ್ಸಾ ಅನ್ನುವ ಕಾರ್ ಆಟದಲ್ಲಿ ಡ್ರಿಫ್ಟ್ ಕಲಿಯುತ್ತಿದ್ದೇನೆ, ಅಂದರೆ ಹಿಂದಿನ ಗಾಲಿ ಜಾರಿಸಿ ಗಾಡಿಯನ್ನು ಅಡ್ಡಡ್ಡ ಓಡಿಸುವುದು. ಗಾಡಿ ಬಿಎಂಡಬ್ಲ್ಯು ಎಂ3 ಇ30, ಡ್ರಿಫ್ಟ್ ಮಾದರಿಯದು. ಟ್ರ್ಯಾಕ್ ಆಟದಲ್ಲೇ ಬರುವ 'ಡ್ರಿಫ್ಟ್'. ಸ್ಟೀರಿಂಗ್ ಲಾಜಿಟೆಕ್ ಜಿ29, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಓದುವ ಟೇಬಲ್‌ಗೇ ಸಿಕ್ಕಿಸಿದ್ದೇನೆ.

ಎರಡನೇ ಗೇರಿನಲ್ಲಿ ಬಲ ತಿರುವಿಗೆ ಹೋಗಿ ಕ್ಲಚ್ ಒಮ್ಮೆ ಒದ್ದರೆ (ಥಟ್ಟನೆ ಒತ್ತಿ ಬಿಟ್ಟರೆ) ಹಿಂಭಾಗ ಜಾರುತ್ತದೆ. ತಕ್ಷಣ ಸ್ಟೀರಿಂಗ್ ಎಡಕ್ಕೆ ತಿರುಗಿಸುತ್ತೇನೆ. ಅಲ್ಲಿವರೆಗೆ ಚೆನ್ನಾಗಿದೆ. ಆಮೇಲೆ ಗಾಡಿ ಇದ್ದಕ್ಕಿದ್ದಂತೆ ಎಡಕ್ಕೆ ಎಗರಿ ಪೂರ್ತಿ ಸುತ್ತಿಬಿಡುತ್ತದೆ. ನಿನ್ನೆ ರಾತ್ರಿ ಲೆಕ್ಕ ಇಟ್ಟೆ. 20 ಸಲದಲ್ಲಿ 17 ಸಲ ಹೀಗೇ ಆಯ್ತು. ಕೈ ಇನ್ನೂ ಜೋರಾಗಿ ತಿರುಗಿಸಬೇಕಾ?

ಅಲೈನ್‌ಮೆಂಟ್ ಅಣ್ಣ:

ಜೋರು ಬೇಡ ತಮ್ಮಾ. ನೀನು ಸ್ಟೀರಿಂಗನ್ನು ಬಿಡುವುದೇ ಇಲ್ಲ, ತೊಂದರೆ ಇರುವುದು ಅಲ್ಲಿ.

ನಾನು ಗ್ಯಾರೇಜಿನಲ್ಲಿ ವೀಲ್ ಅಲೈನ್‌ಮೆಂಟ್ ಮಾಡುವವನು. ದಿನಾ ಕ್ಯಾಸ್ಟರ್ ನೋಡುವುದೇ ಕೆಲಸ. ಕ್ಯಾಸ್ಟರ್ ಅಂದರೆ ಮುಂದಿನ ಗಾಲಿ ತಿರುಗುವ ಅಕ್ಷ ಹಿಂದಕ್ಕೆ ಎಷ್ಟು ವಾಲಿದೆ ಅನ್ನುವ ಲೆಕ್ಕ. ನೀನು ಕೂತಿರುವುದು ಗಾಲಿ ಕುರ್ಚಿಯಾದರೆ ಒಮ್ಮೆ ಎದ್ದು ಅದನ್ನು ತಳ್ಳಿ ನೋಡು. ಯಾವ ಕಡೆ ತಳ್ಳಿದರೂ ಕೆಳಗಿನ ಗಾಲಿ ಸುತ್ತಿ ಆ ದಾರಿಗೇ ಹೊಂದಿಕೊಳ್ಳುತ್ತದೆ. ಕಾರಿನ ಮುಂದಿನ ಗಾಲಿಯೂ ಹೀಗೇ. ಗಾಡಿ ಅಡ್ಡಡ್ಡ ಜಾರುವಾಗ ಮೂತಿ ಬಲಕ್ಕೆ ನೋಡುತ್ತಿರುತ್ತದೆ, ಗಾಡಿ ಹೋಗುತ್ತಿರುವುದು ಅದರ ಎಡಗಡೆಗೆ. ಹಾಗಾಗಿ ಮುಂದಿನ ಗಾಲಿಗಳು ತಾವಾಗಿಯೇ ಎಡಕ್ಕೆ ತಿರುಗಲು ನೋಡುತ್ತವೆ. ನಿನ್ನ ಜಿ29 ಆ ಬಲವನ್ನೇ ನಿನ್ನ ಅಂಗೈಗೆ ತಲುಪಿಸುತ್ತಿದೆ. ನೀನು ಗಟ್ಟಿಯಾಗಿ ಹಿಡಿದು ಅದರ ಜೊತೆ ಗುದ್ದಾಡುತ್ತಿದ್ದೀಯ.

ಈಗ ಆ ಎಗರಾಟದ ವಿಷಯ. ಹಿಂದಿನ ಟೈರಿಗೆ ಹಿಡಿತ ವಾಪಸ್ ಬಂದ ಕ್ಷಣ ಮುಂದಿನ ಗಾಲಿ ಎತ್ತ ನೋಡುತ್ತಿದೆಯೋ ಗಾಡಿ ಅತ್ತ ನುಗ್ಗುತ್ತದೆ. ಆಗಲೂ ನಿನ್ನ ಕೈ ಎಡಕ್ಕೇ ಇದ್ದರೆ ಗಾಡಿ ಎಡಕ್ಕೆ ಹಾರದೆ ಇನ್ನೇನು ಮಾಡೀತು? ಹಿಂದಕ್ಕೆ ತರುವುದು ತಡವಾಗುತ್ತಿದೆ, ಅಷ್ಟೇ.

ಒಂದು ಕೆಲಸ ಮಾಡು. ಸ್ಟೀರಿಂಗಿನ ನೆತ್ತಿಗೆ ಹಳದಿ ಇನ್ಸುಲೇಷನ್ ಟೇಪ್ ಒಂದು ಸುತ್ತು ಸುತ್ತು. ಫೋನನ್ನು ಹಿಂದೆ ನಿಲ್ಲಿಸಿ ಪರದೆ, ಕೈ ಎರಡೂ ಕಾಣುವಂತೆ ರೆಕಾರ್ಡ್ ಮಾಡು. ಆಮೇಲೆ ಆ ವಿಡಿಯೋವನ್ನು ನಿಧಾನಕ್ಕೆ ಓಡಿಸಿ ನೋಡು. ಗಾಡಿಯ ಮೂತಿ ನೇರಕ್ಕೆ ಬರಲು ಶುರುವಾದಾಗ ಟೇಪ್ ಎಲ್ಲಿದೆ? ಆ ಹೊತ್ತಿಗೆ ಅದು ಮೇಲಕ್ಕೆ ಹೊರಟಿರಬೇಕು. ನಿನ್ನದು ಇನ್ನೂ ಒಂಬತ್ತು ಗಂಟೆ ಜಾಗದಲ್ಲೇ ನಿಂತಿರುತ್ತದೆ. ನನ್ನದೂ ಅಲ್ಲೇ ನಿಂತಿತ್ತು, ಎರಡು ತಿಂಗಳು.

ಕಣ್ಣಿಗೆ ಕಂಡ ಮೇಲೆ ಕೈ ಎತ್ತಿದರೆ ಹೊತ್ತು ಮೀರಿರುತ್ತದೆ. ಸುಳಿವು ಸಿಗುವುದು ಬಲಗಾಲಿನಲ್ಲಿ. ಆಕ್ಸಿಲರೇಟರ್ ಸಡಿಲಿಸುವವನು ನೀನೇ ಅಲ್ವಾ? ಸಡಿಲಿಸಿದರೆ ಹಿಡಿತ ಬರುತ್ತದೆ ಅಂತ ನಿನಗೆ ಮೊದಲೇ ಗೊತ್ತು. ಹಾಗಾಗಿ ಕಾಲು ಮೇಲೆದ್ದ ಕೂಡಲೇ ಬೆರಳು ಸಡಿಲ ಮಾಡು. ಸ್ಟೀರಿಂಗ್ ಅಂಗೈಯಲ್ಲಿ ಜಾರುತ್ತಾ ತಾನೇ ಸುತ್ತಲಿ. ಬೇಕಾದ ಕಡೆ ಬಂದಾಗ ಹಿಡಿ. ಎಡದಿಂದ ಬಲಕ್ಕೆ ಗಾಡಿ ಬದಲಿಸುವಾಗಲೂ ಇದೇ ಕ್ರಮ: ಕಾಲು ಬಿಡು, ಕೈ ಬಿಡು, ಹಿಡಿ, ಮತ್ತೆ ಒತ್ತು. ಹಿಡಿಯುವ ಮೊದಲೇ ಒತ್ತಿದರೆ ಮತ್ತೆ ಗಿರಕಿ.

ಜಪಾನಿನ ಫುಕುಶಿಮಾದಲ್ಲಿ ಎಬಿಸು ಸರ್ಕ್ಯೂಟ್ ಅಂತ ಇದೆ. ಅಲ್ಲಿ ಓಡಿಸುವವರು ಕಾರಿನ ಒಳಗಿಂದ ತೆಗೆದ ವಿಡಿಯೋಗಳು ಬೇಕಾದಷ್ಟು ಸಿಗುತ್ತವೆ. ನೋಡುವಾಗ ರಸ್ತೆ ಬಿಟ್ಟುಬಿಡು, ಬರೀ ಕೈ ನೋಡು. ಬೆರಳು ಬಿಚ್ಚಿಕೊಂಡು ಸ್ಟೀರಿಂಗ್ ಸುತ್ತುವಾಗ ಅಂಗೈ ಅದಕ್ಕೆ ಬರೀ ತಾಗಿಕೊಂಡಿರುತ್ತದೆ. ನನಗೆ ಅದು ತಬಲಾ ಬಾರಿಸುವವರ ಕೈಯಷ್ಟೇ ಚಂದ.

ನಾಲ್ಕನೇ ಗೇರ್:

ಅಣ್ಣ ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು. ಜಿ29 ಒಳಗೆ ಹಲ್ಲಿನ ಗೇರ್ ಇದೆ. ಮೋಟರಿಗೆ ನೇರವಾಗಿ ಕೂರಿಸಿದ ಡೈರೆಕ್ಟ್ ಡ್ರೈವ್ ಸ್ಟೀರಿಂಗಿನಷ್ಟು ಬೇಗ ಅದು ಸುತ್ತುವುದಿಲ್ಲ. ಸುಮ್ನೆ ಬಿಟ್ಟರೆ ದೊಡ್ಡ ಕೋನದಿಂದ ವಾಪಸ್ ಬರುವಷ್ಟರಲ್ಲಿ ತಡವಾಗುತ್ತದೆ. ನಾನು ಬಿಡುವಾಗಲೇ ಸಣ್ಣದಾಗಿ ಎಸೆಯುತ್ತೇನೆ. ಮಣಿಕಟ್ಟಿನಿಂದ ಒಂದು ತಳ್ಳು, ಆಮೇಲೆ ಅದೇ ಓಡುತ್ತದೆ.

ಲಾಜಿಟೆಕ್ ಸಾಫ್ಟ್‌ವೇರಿನಲ್ಲಿ ಸೆಂಟರಿಂಗ್ ಸ್ಪ್ರಿಂಗ್ ಆನ್ ಇದ್ದರೆ ಆಫ್ ಮಾಡಿ. ಅದು ಯಾವಾಗಲೂ ನಡುವಿಗೇ ಎಳೆಯುತ್ತದೆ, ಗಾಡಿ ಹೇಳುವ ಮಾತು ಕೈಗೆ ಬರುವುದಿಲ್ಲ. ತಿರುಗುವ ಕೋನ 900 ಡಿಗ್ರಿ ಇರಲಿ. ಆಟದೊಳಗೆ ಪೆಡಲ್ಸ್ ಆಪ್ ತೆರೆದರೆ ಫೋರ್ಸ್ ಫೀಡ್‌ಬ್ಯಾಕ್ ಪಟ್ಟಿ, ಅಂದರೆ ಸ್ಟೀರಿಂಗ್ ಕೈಗೆ ಕೊಡುವ ಬಲದ ಅಳತೆ, ಕಾಣುತ್ತದೆ. ಅದು ಪದೇ ಪದೇ ಕೆಂಪಾದರೆ ಗೇನ್ (ಆ ಬಲದ ಮಟ್ಟ) ಇಳಿಸಿ.

ಅಲೈನ್‌ಮೆಂಟ್ ಅಣ್ಣ:

ಎಸೆಯುವ ಮಾತು ನಿಜ. ನಾನೂ ಎಸೆಯುತ್ತೇನೆ, ಬರೆಯಲು ಮರೆತೆ. ಆದರೆ ತಮ್ಮಾ, ಮೊದಲ ವಾರ ಎಸೆಯಬೇಡ. ಬಿಟ್ಟರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಕೈಗೆ ಪರಿಚಯವಾಗಲಿ. ಆಮೇಲೆ ಎಸೆ.

ಬೆರಳಾಟ:

ಕಂಟ್ರೋಲರಿನಲ್ಲಿ ಆಡುವವರು ಇದನ್ನು ಓದಿ ಮೋಸ ಹೋಗಬೇಡಿ. ಸ್ಟೀರಿಂಗ್ ಬಿಟ್ಟರೆ ಗಾಲಿ ಜಾರುವ ದಿಕ್ಕಿಗೆ ಹೋಗುತ್ತದೆ. ಕಂಟ್ರೋಲರಿನ ಕಡ್ಡಿ ಬಿಟ್ಟರೆ ಅದು ನಡುವಿಗೆ ಬಂದು ಗಾಲಿ ನೇರವಾಗುತ್ತದೆ. ಅದಕ್ಕೇ ನಾವು ಜಾರಾಟ ಮುಗಿಯುವವರೆಗೂ ಹೆಬ್ಬೆರಳನ್ನು ಎದುರು ಕಡೆ ಇಟ್ಟುಕೊಂಡೇ ಇರಬೇಕು, ಕೋನ ಕಡಿಮೆಯಾದಂತೆ ಚೂರುಚೂರೇ ವಾಪಸ್ ತರಬೇಕು. ಗಾಲಿ ತಡವಾಗಿ ತಿರುಗುತ್ತಿದೆ ಅನಿಸಿದರೆ ಸೆಟ್ಟಿಂಗ್‌ನಲ್ಲಿ ಸ್ಟೀರಿಂಗ್ ಸ್ಪೀಡ್ ಏರಿಸಿ, ಫಿಲ್ಟರ್ ಇಳಿಸಿ.

ಓರೆಗಾಲಿ:

ಟೇಪ್ ಸುತ್ತಿ ನೋಡಿದೆ ಅಣ್ಣ. ನೀವು ಹೇಳಿದ ಹಾಗೇ ಇತ್ತು. ಮೂತಿ ಅರ್ಧ ವಾಪಸ್ ಬಂದರೂ ಹಳದಿ ಪಟ್ಟಿ ಒಂಬತ್ತರಲ್ಲೇ ಇದೆ. ಸೆಂಟರಿಂಗ್ ಸ್ಪ್ರಿಂಗ್ ಕೂಡ ಆನ್ ಇತ್ತು, ತೆಗೆದೆ. ಕಾಲಿನ ಜೊತೆ ಕೈ ಬಿಡುವುದನ್ನು ಒಂದು ಗಂಟೆ ಮಾಡಿದೆ. ಕೊನೆಯ 20ರಲ್ಲಿ 11 ಸಲ ಗಾಡಿ ಸುತ್ತದೆ ನೇರಕ್ಕೆ ಬಂತು! ಬಲ ತಿರುವಿನಿಂದ ಎಡಕ್ಕೆ ಬದಲಿಸುವುದೂ ಮೂರು ಸಲ ಸಿಕ್ಕಿತು. ಎಡದಿಂದ ಬಲಕ್ಕೆ ಮಾತ್ರ ಒಂದೂ ಇಲ್ಲ. ಯಾಕಿರಬಹುದು?

ಅಲೈನ್‌ಮೆಂಟ್ ಅಣ್ಣ:

11 ಅಂದರೆ ತುಂಬಾ ಒಳ್ಳೆಯದು, ಖುಷಿಯಾಯ್ತು. ಗೇರ್ ಲಿವರ್ ಬಲಗಡೆ ಇಟ್ಟಿದ್ದೀಯ ಅನಿಸುತ್ತದೆ. ಕ್ಲಚ್ ಒದ್ದ ಮೇಲೆ ಬಲಗೈ ಅಲ್ಲೇ ಉಳಿಯುತ್ತಿದೆಯಾ ನೋಡು. ಈ ಸಲ ಫೋನನ್ನು ಬಲಪಕ್ಕದಲ್ಲಿ ನಿಲ್ಲಿಸಿ ರೆಕಾರ್ಡ್ ಮಾಡಿ ಇಲ್ಲಿ ಹಾಕು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೋಡಿ ಹೇಳುತ್ತೇನೆ.