ಬೆಲ್ ಗ್ರೀನ್ ತಂದೆಯನ್ನು ತೊರೆದರೇ?

ಗ್ರಂಥಪಾಲಕಿ: ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯವನ್ನು 1905ರಿಂದ 1948ರವರೆಗೆ ಬೆಳೆಸಿದ ಬೆಲ್ ಡ ಕೋಸ್ಟಾ ಗ್ರೀನ್ ಕಪ್ಪು ಕುಟುಂಬದಲ್ಲಿ ಹುಟ್ಟಿಯೂ ಬಿಳಿಯರೆಂದೇ ಬದುಕಿದರು, ಮೈಬಣ್ಣಕ್ಕೆ ಸಮಜಾಯಿಷಿಯಾಗಿ ಪೋರ್ಚುಗೀಸ್ ಮೂಲವೊಂದನ್ನು ಕಲ್ಪಿಸಿಕೊಂಡರು. ಅದಕ್ಕಾಗಿ ತಂದೆಯನ್ನೇ ತೊರೆಯಬೇಕಾಯಿತು. 1950ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಖಾಸಗಿ ಕಾಗದಪತ್ರಗಳನ್ನು ಸುಟ್ಟುಹಾಕಿದರು. ಅವರನ್ನು ವಂಚಕಿ ಎನ್ನಲು ನನಗೆ ಮನಸ್ಸು ಬಾರದು.

ಸಾಗರದವ: "ತೊರೆಯಬೇಕಾಯಿತು" ಎಂಬುದನ್ನು ಒಪ್ಪಲಾರೆ. 1870ರಲ್ಲಿ ಹಾರ್ವರ್ಡ್ ಕಾಲೇಜಿನ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ, ಬೆಲ್ ಅವರ ತಂದೆ ರಿಚರ್ಡ್ ಗ್ರೀನರ್, 1898ರಲ್ಲಿ ಅಮೆರಿಕದ ಪ್ರತಿನಿಧಿಯಾಗಿ ರಷ್ಯಾದ ವ್ಲಾಡಿವಾಸ್ಟಾಕ್‌ಗೆ ಹೋಗಿ ಅಲ್ಲಿ ಬೇರೆ ಸಂಸಾರ ಹೂಡಿದರು. ಮನೆ ಬಿಟ್ಟವರು ತಂದೆ, ಮಗಳಲ್ಲ.

ಇತಿಹಾಸದ ಮೇಷ್ಟ್ರು: ಮನೆ ಬಿಟ್ಟುಹೋದ ತಂದೆ ಬೇರೆ, ಹೆಸರಿನಿಂದಲೇ ಅಳಿಸಿಹೋದ ತಂದೆ ಬೇರೆ. ತಾಯಿಮಕ್ಕಳು 'ಗ್ರೀನರ್' ಎಂಬುದರ ಕೊನೆಯ ಅಕ್ಷರವನ್ನು ಕೈಬಿಟ್ಟು 'ಗ್ರೀನ್' ಆದದ್ದನ್ನು ತಾವು ಏಕೆ ಹೇಳಲಿಲ್ಲ?

ಸಾಗರದವ: "ತಾಯಿಮಕ್ಕಳು" ಎಂದು ತಾವೇ ಬರೆದಿದ್ದೀರಿ, ಮೇಷ್ಟ್ರೇ. ಅಂದಮೇಲೆ ಹೆಸರು ಬದಲಾಯಿಸಿದ ಹೊಣೆಯನ್ನು ಬೆಲ್ ಒಬ್ಬರ ತಲೆಗೆ ಕಟ್ಟುವುದು ಯಾವ ನ್ಯಾಯ?

ನಂದಿನಿ: ಹೊಣೆಯ ಮಾತು ಬಂದದ್ದರಿಂದ ಕೇಳುತ್ತೇನೆ. ಕಪ್ಪು ಜನರ ಹಕ್ಕುಗಳ ಹೋರಾಟಗಾರ, ಕಪ್ಪು ಕುಟುಂಬದವರೇ ಆದರೂ ಬಿಳಿಯರಂತೆ ಕಾಣುತ್ತಿದ್ದ ನೀಲಿಗಣ್ಣಿನ ವಾಲ್ಟರ್ ವೈಟ್ ಬದುಕಿಡೀ ಬಿಳಿಯರಾಗಿ ಇರಬಹುದಿತ್ತು. ಅವರು ಆ ಬಣ್ಣವನ್ನು ಬಳಸಿದ್ದು 1919ರಲ್ಲಿ ಆರ್ಕನ್ಸಾದ ಎಲೇನ್‌ನಲ್ಲಿ ನಡೆದ ಕಪ್ಪು ಜನರ ಹತ್ಯಾಕಾಂಡದಂಥವುಗಳ ತನಿಖೆಗೆ. ಗುಟ್ಟು ಬಯಲಾಗುತ್ತಿದ್ದಂತೆ ರೈಲು ಹತ್ತಿ ಜೀವ ಉಳಿಸಿಕೊಂಡರು. ಬೆಲ್ ಅವರಿಗೂ ಬೇರೆ ದಾರಿ ಇತ್ತು.

ಗ್ರಂಥಪಾಲಕಿ: "ಬೇರೆ ದಾರಿ" ಎಂದು ಎಷ್ಟು ಸಲೀಸಾಗಿ ಬರೆದಿರಿ! ಎಂಟು ಮುತ್ತಜ್ಜ-ಮುತ್ತಜ್ಜಿಯರಲ್ಲಿ ಒಬ್ಬರಷ್ಟೇ ಕಪ್ಪಾಗಿದ್ದ ಹೋಮರ್ ಪ್ಲೆಸ್ಸಿಗೆ ಬಿಳಿಯರ ಬೋಗಿಯಲ್ಲಿ ಕೂರುವ ಹಕ್ಕಿಲ್ಲವೆಂದು 1896ರಲ್ಲಿ ಸುಪ್ರೀಂ ಕೋರ್ಟೇ ತೀರ್ಪಿತ್ತ ದೇಶವದು. ವೈಟ್ ತನಿಖೆ ಮುಗಿಸಿ ತಮ್ಮವರ ನಡುವೆ ಕಪ್ಪು ಮನುಷ್ಯರಾಗಿಯೇ ಕುಳಿತು ಉಣ್ಣಬಹುದಿತ್ತು; ಬೆಲ್ ಅವರಿಗೆ ಹಾಗೆ ಮರಳುವ ಮನೆ ಇರಲಿಲ್ಲ.

ಸಾಗರದವ: "ಮರಳುವ ಮನೆ" ಇರಲಿಲ್ಲವೆಂದರೆ ಅದನ್ನು ಮುರಿದವರು ತಂದೆಯೇ ಎಂದಾಯಿತು. ನಾನು ಮೊದಲಿನಿಂದ ಹೇಳುತ್ತಿರುವುದೂ ಇದನ್ನೇ.

ಇತಿಹಾಸದ ಮೇಷ್ಟ್ರು: ಪ್ರತಿಯೊಂದು ಮಾತನ್ನೂ ಆ ತಂದೆಯ ಬಾಗಿಲಿಗೇ ಎಳೆದು ತರುತ್ತಿದ್ದೀರಿ, ಇದು ಹಟವಲ್ಲದೆ ವಾದವಲ್ಲ. ಗ್ರೀನರ್ ಮುಂದೆ ಅಮೆರಿಕಕ್ಕೆ ಮರಳಿ 1922ರವರೆಗೆ ಬದುಕಿದ್ದರು. ಅಷ್ಟು ವರ್ಷ ಮಗಳು ಅವರನ್ನು ತನ್ನ ತಂದೆಯೆಂದು ಲೋಕದೆದುರು ಹೇಳಿಕೊಂಡದ್ದುಂಟೇ?

ಗ್ರಂಥಪಾಲಕಿ: ಹೇಳಿಕೊಂಡಿದ್ದರೆ ಮರುದಿನ ಕೆಲಸ ಉಳಿಯುತ್ತಿತ್ತೇ, ಮೇಷ್ಟ್ರೇ? ಸುಟ್ಟ ಕಾಗದಗಳಲ್ಲಿ ತಂದೆಯ ಪತ್ರವಿತ್ತೋ ಇಲ್ಲವೋ ಎಂಬುದನ್ನು ನಮ್ಮಲ್ಲಿ ಯಾರೂ ಹೇಳಲಾರರು. ಆದ್ದರಿಂದ ತೊರೆದವರು ಇಂಥವರೇ ಎಂದು ಸಾಗರದವರು ಇಷ್ಟು ಖಚಿತವಾಗಿ ಬರೆಯಬಾರದು.

ಸಾಗರದವ: ಹಾಗಾದರೆ ನಿಮ್ಮ ಮೊದಲ ಟಿಪ್ಪಣಿಯ "ತೊರೆಯಬೇಕಾಯಿತು" ಎಂಬ ಪದವನ್ನು ನೀವೂ ಹಿಂತೆಗೆದುಕೊಳ್ಳಿ, ಮೇಡಂ.